ಟ್ಯಾಂಕಿನ ನೆರಳಲ್ಲಿ ಕೆಂಪಾದ ಗಿಡಗಳು

ಮೇಘಾ, ಹೋದ ವಾರ ನಿನ್ನ ತೋಟಗಾರಿಕೆ ಡಿಪ್ಲೊಮಾದ ಪುಸ್ತಕ ತಂದು ನನ್ನ ಮುಂದೆ ಹಿಡಿದೆಯಲ್ಲ, ‘ಅಜ್ಜೀ, ನೋಡು, ನಿನ್ನ ಕೆಂಪೆಲೆ ಗಿಡದ ಬಗ್ಗೆ ಆರೇ ಆರು ಸಾಲು ಬರೆದಿದ್ದಾರೆ’ ಅಂತ. ಆ ಆರು ಸಾಲನ್ನೂ ಕನ್ನಡಕ ಹಾಕಿಕೊಂಡು ಓದಿದೆ. ಒಂದೂ ತಪ್ಪಿಲ್ಲ. ಆದರೆ ಅದರ ಹಾಲು ಕಣ್ಣಿಗೆ ಬಿದ್ದರೆ ಏನಾಗುತ್ತದೆ ಅಂತ ಅದರಲ್ಲಿಲ್ಲ. ಸಂಕ್ರಾಂತಿ ಕಳೆದು ಎಲೆಯೆಲ್ಲ ಉದುರಿ ಬರೀ ಕಡ್ಡಿ ನಿಂತಾಗ ಗಿರಾಕಿಗಳು ಬಂದು ಏನೇನು ಅನ್ನುತ್ತಾರೆ ಅಂತ ಇಲ್ಲ. ‘ಹಾಗಾದ್ರೆ ಉಳಿದದ್ದು ನೀನು ಹೇಳು’ ಅಂದೆ ನೀನು. ಹೇಳುವುದು ನನ್ನಿಂದಾಗುವುದಿಲ್ಲ, ನಿನಗೇ ಗೊತ್ತು. ಮನೆಗೆ ನೆಂಟರು ಬಂದರೂ ಅಡುಗೆಮನೆಯ ಬಾಗಿಲು ದಾಟುವವಳಲ್ಲ ನಾನು. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಅದಕ್ಕೇ ನಿನ್ನ ತಮ್ಮ ಚೇತುವಿನ ಹಳೇ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳ ಮೇಲೆ ಬರೆಯುತ್ತಿದ್ದೇನೆ. ಹಳ್ಳಿ ಸ್ಕೂಲಿನ ಏಳನೇ ಕ್ಲಾಸಿನ ಬರವಣಿಗೆ. ತಪ್ಪಿದ್ದರೆ ತಿದ್ದಿಕೊಂಡು ಅವನಿಗೂ ಓದಿ ಹೇಳು.

ನಿಮ್ಮ ತಾತ ಗಾರೆ ಕೆಲಸಕ್ಕೆಂದು ಕನಕಪುರದಾಚೆಯ ನಮ್ಮೂರಿಂದ ಬಂದು ತಲಘಟ್ಟಪುರದಲ್ಲಿ ಬಾಡಿಗೆ ಮನೆ ಹಿಡಿದವರು, ಮೂರೇ ವರ್ಷಕ್ಕೆ ಹೋಗಿಬಿಟ್ಟರು. ನಿಮ್ಮಮ್ಮ ಆಗ ನಾಲ್ಕನೇ ಕ್ಲಾಸು. ಪಕ್ಕದ ಮನೆಯಾಕೆ ಹೇಳಿದ ಮೇಲೆ ಪದ್ಮನಾಭನಗರದ ಒಂದು ನರ್ಸರಿಗೆ ಕಸ ಗುಡಿಸಲು, ನೀರು ಹಾಕಲು ಸೇರಿದೆ. ಇಪ್ಪತ್ತಾರು ವರ್ಷ ಅಲ್ಲೇ ಇದ್ದೆ. ಯಾವಾಗ ಸಂಬಳ ಏರಿತು, ಯಾವಾಗ ನನ್ನ ಕೈಗೆ ಬೀಗದ ಕೈ ಕೊಟ್ಟರು ಅನ್ನುವುದರಲ್ಲಿ ನಿಮಗೆ ಕಲಿಯುವಂಥದ್ದೇನೂ ಇಲ್ಲ, ಬಿಡಿ.

ನರ್ಸರಿ ಇದ್ದದ್ದು ಅದರ ಮಾಲೀಕ ರಾಮೇಗೌಡರ ತಾತನ ರಾಗಿ ಹೊಲದಲ್ಲಿ. ಸುತ್ತಲೂ ಮನೆಗಳೆದ್ದಿದ್ದವು, ಅವರ ಅಣ್ಣ ಕೂಡ ರಸ್ತೆಯ ಆಚೆ ಬದಿಗೆ ಮೂರು ಮಹಡಿ ಕಟ್ಟಿ ಬಾಡಿಗೆಗೆ ಬಿಟ್ಟಿದ್ದರು. ಗೌಡರು ಮಾತ್ರ ತಮ್ಮ ಪಾಲಿನಲ್ಲಿ ಗಿಡ ಇಟ್ಟುಕೊಂಡಿದ್ದರು. ಕೆಲಸ ಕಲಿಸಿದವರು ಮೇಸ್ತ್ರಿ ನಂಜುಂಡಣ್ಣ. ನಾವು ನಾಲ್ಕು ಜನ ಹೆಂಗಸರು. ನಮ್ಮಲ್ಲಿ ಹಿರಿಯಳು ಗೌರಮ್ಮ. ಗಟ್ಟಿ ಬಾಯಿ, ದೊಡ್ಡ ಕುಂಕುಮ. ದಿನದ ಮೊದಲ ವ್ಯಾಪಾರ, ಅಂದರೆ ಬೋಣಿ, ಯಾವತ್ತೂ ಅವಳ ಕೈಯಿಂದಲೇ. ಕುಂಡದ ಅಂಚಿಗೆ ಒಂದು ಬೊಟ್ಟು ಕುಂಕುಮ ಇಟ್ಟು ಮೊದಲ ಗಿರಾಕಿಯ ಕೈಗೆ ಕೊಡುತ್ತಿದ್ದಳು. ಆ ಹೊತ್ತಿಗೆ ನಾನು ಹಿಂದುಗಡೆ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಹೋಗು ಅಂತ ಯಾರೂ ಹೇಳಿದ್ದಲ್ಲ. ಗಂಡ ಇಲ್ಲದವಳು ಬೋಣಿಗೆ ಎದುರು ಬರಬಾರದು ಅಂತ ನಾನೇ ಹೋಗುತ್ತಿದ್ದೆ.

ಸೇರಿದ ಮೊದಲ ಮಳೆಗಾಲದಲ್ಲೇ ನಂಜುಂಡಣ್ಣ ಕೈಗೆ ಚಾಕು ಕೊಟ್ಟು, ಈ ಗಿಡದ ಕಡ್ಡಿ ಕತ್ತರಿಸು ಅಂದರು. ಪುಸ್ತಕದಲ್ಲಿರುವ ಪಾಯಿನ್ಸೆಟ್ಟಿಯಾ ಅನ್ನುವ ಹೆಸರು ನನಗೆ ಇವತ್ತಿಗೂ ನಾಲಿಗೆಗೆ ಬರುವುದಿಲ್ಲ. ಗಿರಾಕಿಗಳು ಕ್ರಿಸ್‌ಮಸ್ ಗಿಡ ಅನ್ನುತ್ತಿದ್ದರು. ನಮಗೆ ಕೆಂಪೆಲೆ. ಕತ್ತರಿಸಿದಲ್ಲೆಲ್ಲ ಹಾಲು. ಬೆವರು ಬಂತು ಅಂತ ಅದೇ ಕೈಯಲ್ಲಿ ಕಣ್ಣು ಒರೆಸಿಕೊಂಡೆ. ಒಲೆಯ ಕೆಂಡ ತಾಗಿದ ಹಾಗಾಯಿತು. ನಂಜುಂಡಣ್ಣ ಪೈಪು ತಂದು ಮುಖಕ್ಕೆ ನೀರು ಬಿಡುತ್ತಾ, ‘ಹಾಲಿದೆ ಅಂತ ಇದನ್ನ ತಾಯಿ ಅಂದ್ಕೊಂಡ್ಯಾ ತಾಯಮ್ಮ? ಇದು ಅತ್ತೆ’ ಅಂದರು. ಎರಡು ದಿನ ಕಣ್ಣು ಬಿಡಲಾಗಲಿಲ್ಲ. ಮೂರನೇ ದಿನ ಹೋದಾಗ ಕೆಲಸ ಇನ್ನೂ ಇತ್ತು. ಅದಕ್ಕೆ ಅವರೇ ಕಾರಣ ಅಂತ ಆಮೇಲೆ ತಿಳಿಯಿತು.

ಆಗ ಕತ್ತರಿಸಿದ ತುದಿಯನ್ನು ಒಲೆಬೂದಿಯಲ್ಲಿ ಅದ್ದಿ, ಹಾಲು ನಿಂತ ಮೇಲೆ ಮರಳಿಗೆ ಚುಚ್ಚುತ್ತಿದ್ದೆವು. ನಮ್ಮ ನಮ್ಮ ಮನೆಯಿಂದಲೇ ಬೂದಿ ಕಟ್ಟಿಕೊಂಡು ಹೋಗುತ್ತಿದ್ದೆವು. ಮನೆಮನೆಗೂ ಗ್ಯಾಸು ಬಂದು ಬೂದಿ ಸಿಗದಾದಾಗ ಬೇರು ಬರಿಸುವ ಪುಡಿಯ ಡಬ್ಬಿ ಬಂತು. ಮರಳು ಹೋಗಿ ತೆಂಗಿನ ನಾರಿನ ಟ್ರೇ ಬಂತು. ಹೊಸದರಲ್ಲಿ ಹೆಚ್ಚು ಕಡ್ಡಿ ಬದುಕಿದವು, ಸುಳ್ಳು ಹೇಳಬಾರದು. ನೀನು ಹೊಸದನ್ನೇ ಕಲಿ. ಆದರೆ ಚಾಕು ಹಿಡಿದ ಕೈಯನ್ನು ಮುಖದ ಹತ್ತಿರ ತರಬೇಡ.

ಚಿವುಟುವುದಕ್ಕೂ ಒಂದು ಲೆಕ್ಕವಿತ್ತು. ಗಿಡ ದುಂಡಗೆ ಬರಲಿ ಅಂತ ಕುಡಿ ಚಿವುಟುತ್ತಾ ಬರಬೇಕು, ಗೌರಿ ಹಬ್ಬಕ್ಕೆ ನಿಲ್ಲಿಸಬೇಕು. ಅದಾದ ಮೇಲೆ ಚಿವುಟಿದರೆ ಕೆಂಪಾಗಬೇಕಾದ ಎಲೆಯೇ ಬರುವುದಿಲ್ಲ. ನಾನು ಒಂದು ವರ್ಷ ಹಬ್ಬ ಕಳೆದ ಮೇಲೆ, ಒಂದು ಸಾಲು ಏರುಪೇರಾಗಿದೆ ಅನ್ನಿಸಿ, ಯಾರನ್ನೂ ಕೇಳದೆ ಅಷ್ಟನ್ನೂ ಚಿವುಟಿ ಸರಿ ಮಾಡಿಬಿಟ್ಟೆ. ಡಿಸೆಂಬರಿನಲ್ಲಿ ಆ ಸಾಲು ಎಲೆಕೋಸಿನ ಹಾಗೆ ಹಸಿರಾಗಿ ಕುಳಿತಿತ್ತು. ಗೌಡರು ಕೇಳಿದಾಗ ನಂಜುಂಡಣ್ಣ, ‘ನಾನೇ ಚಿವುಟು ಅಂದಿದ್ದೆ, ತಾರೀಖು ಮರೆತೆ’ ಅಂದುಬಿಟ್ಟರು. ಗೌಡರು ಹೋದ ಮೇಲೆ ನನ್ನ ಕಡೆ ತಿರುಗಿ, ‘ಕೇಳೋಕೆ ನಾಚಿಕೆ, ಚಿವುಟೋಕೆ ನಾಚಿಕೆ ಇಲ್ಲ’ ಅಂದರು. ಬೈಗುಳ ಅಷ್ಟೇ.

ಇನ್ನು ಎಲೆ ಉದುರುವ ಕಾಲ. ಡಿಸೆಂಬರಿನಲ್ಲಿ ಹಬ್ಬದ ಸೀರೆಯಂತೆ ಕಾಣುವ ಗಿಡ ಫೆಬ್ರವರಿಗೆ ಪೊರಕೆಕಡ್ಡಿ. ಒಮ್ಮೆ ಜೆ.ಪಿ. ನಗರದ ಒಬ್ಬ ಮೇಡಂ ಆಟೋದಲ್ಲಿ ಎರಡು ಕುಂಡ ಇಟ್ಟುಕೊಂಡು ಬಂದು, ‘ಸತ್ತಿರೋ ಗಿಡ ಕೊಟ್ಟಿದ್ದೀರ, ವಾಪಸ್ ತಗೊಳ್ಳಿ’ ಅಂತ ಗೇಟಿನಲ್ಲೇ ಕೂಗಾಡಿದರು. ಅಲ್ಲಿದ್ದವಳು ನಾನೊಬ್ಬಳೇ. ಉಗುರಿನಿಂದ ಕಡ್ಡಿಯ ಸಿಪ್ಪೆ ಒಂದಿಷ್ಟು ಕೆರೆದು ಅವರ ಮುಂದೆ ಹಿಡಿದೆ. ಒಳಗೆ ಎಳೆ ಹಸಿರು, ಮೇಲೆ ಹಾಲಿನ ಒಂದು ಹನಿ. ಅವರು ಕುಂಡಗಳನ್ನು ಮತ್ತೆ ಎತ್ತಿಕೊಂಡು, ‘ಆಟೋ ಹೋಗಿಬಿಡ್ತಾ ನೋಡಿ’ ಅಂದರು. ಮಾರುವಾಗಲೇ ‘ಎಲೆ ಉದುರುತ್ತೆ, ಹೆದರಬೇಡಿ, ಶಿವರಾತ್ರಿ ಕಳೆದ ಮೇಲೆ ಗೇಣುದ್ದ ಬಿಟ್ಟು ಕತ್ತರಿಸಿ’ ಅಂತ ಹೇಳಿ ಕಳಿಸಬೇಕು ಅಂತ ಅವತ್ತು ಕಲಿತೆವು. ಹೇಳುವ ಕೆಲಸ ಗೌರಮ್ಮನದು.

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ. ಇದನ್ನು ನಿಮ್ಮಮ್ಮನಿಗೂ ಪೂರ್ತಿ ಹೇಳಿಲ್ಲ.

ನಾನು ನಿವೃತ್ತಿಯಾಗುವುದಕ್ಕೆ ಆರೇಳು ವರ್ಷ ಮುಂಚೆ, ಒಂದು ಡಿಸೆಂಬರಿನಲ್ಲಿ ಗಿಡಗಳು ಕೆಂಪಾಗಲೇ ಇಲ್ಲ. ಒಂದು ಸಾಲಲ್ಲ, ರಸ್ತೆಯ ಕಡೆಯ ಮಡಿಗಳು ಹೆಚ್ಚುಕಡಿಮೆ ಪೂರ್ತಿ. ಈ ಸಲ ಹಬ್ಬಕ್ಕೆ ಮುಂಚೆಯೇ ಚಿವುಟಿ ಮುಗಿಸಿದ್ದೆ. ಗೊಬ್ಬರ ಸರಿಯಿತ್ತು, ನೀರು ಸರಿಯಿತ್ತು. ಗಿರಾಕಿಗಳು ಬಂದು ನೋಡಿ ಬೇರೆ ಕಡೆ ಹೋದರು. ನಂಜುಂಡಣ್ಣ ಮಣ್ಣು ಮೂಸಿ ನೋಡಿದರು. ಒಬ್ಬಳು ದೃಷ್ಟಿ ಅಂದಳು. ಗೌರಮ್ಮ ಕುಂಡ ಎತ್ತಿಡುತ್ತಾ, ನನಗೆ ಕೇಳಲಿ ಅಂತಲೇ ಹೇಳಿದಳು:

‘ಚಿವುಟಿದ ಕೈ ಯಾರದ್ದು ನೋಡು. ಹಣೇಲಿ ಕೆಂಪಿಲ್ಲದೋಳು ಗಿಡಕ್ಕೆ ಎಲ್ಲಿಂದ ತರ್ತಾಳೆ?’

ಮೇಘಾ, ನಿನಗೆ ಓದುವಾಗ ಸಿಟ್ಟು ಬರಬಹುದು. ನನಗೆ ಸಿಟ್ಟು ಬರಲಿಲ್ಲ, ಭಯವಾಯಿತು. ಅವಳು ಹೇಳುವುದು ನಿಜ ಇದ್ದರೂ ಇರಬಹುದು ಅನ್ನಿಸಿತು. ಎಳೆವಯಸ್ಸಿನಿಂದ ಕೇಳಿದ ಮಾತು ಒಳಗೆ ಎಲ್ಲೋ ಕೂತಿರುತ್ತದೆ. ಗೌಡರು ಬಂದು, ‘ಮುಂದಿನ ವರ್ಷಾನೂ ಹಿಂಗೇ ಆದ್ರೆ ನಾವು ಬೆಳೆಯೋದೇ ಬೇಡ. ಹೊಸೂರು ಕಡೆಯಿಂದ ರೆಡಿ ಕುಂಡ ಲಾರೀಲಿ ತರಿಸ್ತೀನಿ. ಇಳಿಸಿ ಮಾರೋಕೆ ಇಬ್ಬರು ಸಾಕು’ ಅಂದರು. ನಾಲ್ವರಲ್ಲಿ ಮಾರಲು ಬಾರದವಳು ನಾನೊಬ್ಬಳೇ. ಮನೆಗೆ ಕಳಿಸುವ ಇಬ್ಬರಲ್ಲಿ ಮೊದಲನೆಯವಳು ಯಾರು ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಕೆಲಸ ಹೋಗುವುದಕ್ಕಿಂತ ಆ ಕೈಯ ಮಾತು ಹೆಚ್ಚು ಕೊರೆಯುತ್ತಿತ್ತು. ನಿನ್ನ ಅಮ್ಮನಿಗೆ ಆಗಷ್ಟೇ ಚೇತು ಹುಟ್ಟಿದ್ದ. ಅವನನ್ನು ಎತ್ತಿಕೊಳ್ಳುವಾಗ ನನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದೆ.

ಹೊಸ ವರ್ಷ ಬಂದ ಮೇಲೆ ಹಸಿರು ಕುಂಡಗಳನ್ನೆಲ್ಲ ಹಿಂದಕ್ಕೆ ಸಾಗಿಸುವ ಕೆಲಸ ನನಗೆ ಬಿತ್ತು. ಸಾಲು ಖಾಲಿ ಮಾಡುತ್ತಾ ಮೂಲೆಗೆ ಬಂದೆ. ಅಲ್ಲಿ ರಸ್ತೆಗೂ ಮಡಿಗಳಿಗೂ ನಡುವೆ ಇಟ್ಟಿಗೆಯ ಎರಡು ಕಂಬದ ಮೇಲೆ ಕಪ್ಪು ನೀರಿನ ಟ್ಯಾಂಕು. ಅದರ ಹಿಂದೆ, ಯಾರ ಕಣ್ಣಿಗೂ ಬೀಳದ ಮರೆಯಲ್ಲಿದ್ದ ಕುಂಡಗಳು ಕೆಂಪಾಗಿದ್ದವು. ಚೆಲ್ಲಾಪಿಲ್ಲಿಯಾಗಿ ಅಲ್ಲ. ಮಲಗಿಸಿದ ದೊಡ್ಡ ಗುಡಾಣದ ಹಾಗೆ ಒಂದು ದುಂಡನೆಯ ಕೆಂಪು, ಅದಕ್ಕೆ ಎರಡು ಉದ್ದನೆಯ ಕಾಲು. ಅಂಚಿನಲ್ಲಿ ಗೆರೆ ಎಳೆದ ಹಾಗೆ ಹಸಿರು ಶುರು. ಅಂಚಿನ ಒಂದು ಗಿಡವಂತೂ ಅರ್ಧ ಕೆಂಪು, ಅರ್ಧ ಹಸಿರು.

ನಾನು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತೆ. ಮೊದಲು ಹೊಳೆದದ್ದು ಒಂದೇ: ಇವನ್ನೂ ಚಿವುಟಿದವಳು ನಾನೇ. ಅದೇ ದಿನ, ಅದೇ ಕೈ.

ಅವತ್ತು ಸಂಜೆ ಮನೆಗೆ ಹೋಗಲು ಬಸ್ ಸ್ಟಾಪಿನಲ್ಲಿ ನಿಂತಿದ್ದೆ, ಬಸ್ಸು ಎಂದಿಗಿಂತ ತಡ. ಆರೂಕಾಲಿಗೆ ಎದುರು ಕಟ್ಟಡದ ಎರಡನೇ ಮಹಡಿಯ ಟ್ಯೂಷನ್ ಸೆಂಟರಿನ ಬೋರ್ಡು ಹತ್ತಿಕೊಂಡಿತು. ಮದುವೆ ಛತ್ರದಂಥ ಬಿಳಿ ಬೆಳಕು, ನೇರ ನಮ್ಮ ನರ್ಸರಿಯ ಮೇಲೆ. ಆ ಸೆಂಟರು ತೆರೆದದ್ದು ಹೋದ ಜೂನಿನಲ್ಲಿ. ಬೇಲಿಯ ಹತ್ತಿರ ಹೋಗಿ ನೋಡಿದೆ. ಟ್ಯಾಂಕಿನ ನೆರಳು ಎರಡು ಕಾಲಿನ ಗುಡಾಣವಾಗಿ ಮಡಿಯ ಮೇಲೆ ಬಿದ್ದಿತ್ತು. ಬಸ್ಸು ಬಂದು ಹೋಯಿತು, ನಾನು ಹತ್ತಲಿಲ್ಲ.

ಈ ಗಿಡಕ್ಕೆ ಉದ್ದನೆಯ ಕತ್ತಲು ಬೇಕು ಅಂತ ನಿನ್ನ ಪುಸ್ತಕದ ಆರು ಸಾಲಿನಲ್ಲಿ ಇದೆ. ನಮಗೆ ಅದು ಗೊತ್ತಿರಲಿಲ್ಲ, ಯಾಕೆಂದರೆ ಕತ್ತಲು ತಾನಾಗೇ ಬರುತ್ತಿತ್ತು. ನಾವು ಹಗಲು ಕೆಲಸದವರು. ಐದೂವರೆಗೆ ಗೇಟು ಹಾಕಿದರೆ ಮುಗಿಯಿತು. ಅಷ್ಟು ವರ್ಷ ದುಡಿದ ಜಾಗ ನಾವು ಹೋದ ಮೇಲೆ ಹೇಗಿರುತ್ತದೆ ಅಂತ ಒಬ್ಬರೂ ನೋಡಿರಲಿಲ್ಲ. ನೀನು ಎಲ್ಲಿ ಕೆಲಸಕ್ಕೆ ಸೇರಿದರೂ ಒಂದು ಸಂಜೆ ಗೇಟು ಮುಚ್ಚಿದ ಮೇಲೆ ಹೊರಗೆ ನಿಂತು ನೋಡು.

ಮಾರನೆಯ ದಿನ ನಂಜುಂಡಣ್ಣನ ಕೈ ಹಿಡಿದು ಎಳೆದ ಹಾಗೆ ಕರೆದುಕೊಂಡು ಹೋಗಿ ತೋರಿಸಿದೆ. ಅವರು ಟ್ಯಾಂಕು ನೋಡಿದರು, ಬೋರ್ಡು ನೋಡಿದರು, ತಲೆಗೆ ಸುತ್ತಿದ ಟವಲು ಬಿಚ್ಚಿ ಮತ್ತೆ ಸುತ್ತಿದರು. ‘ಮೂವತ್ತು ವರ್ಷದಿಂದ ಮೇಸ್ತ್ರಿ ಅಂತ ಓಡಾಡ್ತಿದೀನಲ್ಲ’ ಅಂದರು. ಗೌಡರಿಗೆ ಹೇಳಿದರೆ ನಕ್ಕುಬಿಟ್ಟರು. ‘ಗಿಡಕ್ಕೆ ಬೆಳಕು ಜಾಸ್ತಿ ಆಯ್ತು ಅಂತೀರಾ? ಸರಿ, ಮುಂದಿನ ವರ್ಷ ನೋಡ್ಕೊಳ್ಳಿ.’ ಗೌರಮ್ಮ ಮೂಗು ಮುರಿದಳು.

ಆ ವರ್ಷ ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಸಂಜೆ ಐದಕ್ಕೆ ಗಿಡಗಳಿಗೆ ಗೋಣಿಚೀಲ ಹೊದಿಸಿ, ಬೆಳಗ್ಗೆ ಎಂಟಕ್ಕೆ ತೆಗೆಯುತ್ತಾ ಬಂದೆವು. ನಾಲ್ಕನೇ ದಿನ ಮಳೆ ಹೊಡೆಯಿತು. ಬೆಳಗ್ಗೆ ಹೋಗಿ ನೋಡಿದರೆ ನೆಂದ ಚೀಲದ ಭಾರಕ್ಕೆ ರೆಂಬೆಗಳು ಲಟಲಟ ಮುರಿದು, ಮಣ್ಣೆಲ್ಲ ಹಾಲು. ನನ್ನದೇ ಯೋಚನೆ ಅದು. ಉಳಿದ ಗಿಡಗಳಿಗೆ ಇನ್ನು ಚೀಲ ಹೊದಿಸುವಂತಿಲ್ಲ, ದೀಪವೇ ಆರಬೇಕು. ಗೌಡರಿಗೂ ಆ ಕಟ್ಟಡ ಕಟ್ಟಿದ ಅವರ ಅಣ್ಣನಿಗೂ ಮಾತಿರಲಿಲ್ಲ. ನಂಜುಂಡಣ್ಣ ಹೋಗಿ ಟ್ಯೂಷನ್ ಮೇಷ್ಟ್ರ ಹತ್ತಿರ ಕೂಗಾಡಿ ಬಂದರು. ‘ನಮ್ಮ ಬೋರ್ಡು, ನಮ್ಮ ಕರೆಂಟು ಅಂತಾನೆ’ ಅಂದರು. ಇನ್ನು ಹೋಗುವವರು ಯಾರು?

ಮೂರು ದಿನ ಆ ಮೆಟ್ಟಿಲ ಹತ್ತಿರ ಹೋಗಿ ವಾಪಸ್ ಬಂದೆ. ಒಂದೊಂದು ದಿನವೂ ಗಿಡಕ್ಕೆ ನಷ್ಟ ಅಂತ ಗೊತ್ತಿದ್ದೂ ಬಂದೆ. ನಾಲ್ಕನೇ ದಿನ ಸಂಜೆ ಹತ್ತಿದೆ. ದೊಡ್ಡ ಕೋಣೆ, ಹತ್ತನೇ ಕ್ಲಾಸಿನ ಮಕ್ಕಳು ತುಂಬಿದ್ದರು. ಮೇಷ್ಟ್ರು ಚಿಕ್ಕ ವಯಸ್ಸಿನವರು.

‘ಬನ್ನಿ ಆಂಟಿ, ಅಡ್ಮಿಷನ್ನಾ? ಯಾವ ಕ್ಲಾಸು?’

‘ಏಳನೇ ಕ್ಲಾಸು’ ಅಂದೆ.

‘ಯಾವ ಸ್ಕೂಲು?’

‘ನಮ್ಮೂರ ಸರ್ಕಾರಿ ಸ್ಕೂಲು ಸಾರ್. ಅಲ್ಲಿಂದ ಮುಂದೆ ಓದಿಸಲಿಲ್ಲ.’

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಹೇಗೋ ಬಾಯಿ ಬಿಟ್ಟೆ: ‘ಸಾರ್, ನಿಮ್ಮ ಬೋರ್ಡಿನ ದೀಪ ಆರಿಸ್ಬೇಕು.’

‘ಓ, ಮೊನ್ನೆ ಜಗಳ ಆಡಿದ್ರಲ್ಲ, ಅವರ ಕಡೆಯವರಾ? ಆಂಟಿ, ಗಿಡಕ್ಕೆ ಬೆಳಕು ಬೇಕು. ಇವರೆಲ್ಲ ಪರೀಕ್ಷೇಲಿ ಅದನ್ನೇ ಬರೀತಾರೆ.’

‘ಹಗಲು ಬೇಕು ಸಾರ್. ರಾತ್ರಿ ಬೇಡ.’

ಅವರಿಗೆ ತಮಾಷೆ ಅನ್ನಿಸಿರಬೇಕು. ‘ಹಂಗಾ? ಇವರಿಗೆ ಹೇಳಿ. ಇವರು ಒಪ್ಪಿದ್ರೆ ಆರಿಸ್ತೀನಿ.’

ಅಷ್ಟು ಮುಖಗಳನ್ನು ನೋಡಿಕೊಂಡು ಹೇಳುವುದು ನನ್ನಿಂದಾಗುವ ಕೆಲಸವಲ್ಲ. ಮೇಜಿನ ಮೇಲೆ ಸೀಮೆಸುಣ್ಣ ಇತ್ತು. ಒಂದು ತೆಗೆದುಕೊಂಡು ಅವರಿಗೆ ಬೆನ್ನು ಮಾಡಿ ಹಲಗೆಯ ಕಡೆ ತಿರುಗಿದೆ. ರಸ್ತೆ ಬರೆದೆ, ಕಟ್ಟಡ ಬರೆದೆ, ದೀಪ, ಟ್ಯಾಂಕು, ಅದರ ಎರಡು ಕಾಲು, ಮಡಿಗಳು. ಮುಖ ಹಲಗೆಯ ಕಡೆ ಇದ್ದದ್ದಕ್ಕೋ ಏನೋ, ಬರೆಯುತ್ತಾ ಬರೆಯುತ್ತಾ ಮಾತು ಬಂತು. ಹೋದ ವರ್ಷ ಏನಾಯಿತು, ಎಲ್ಲಿ ಹಸಿರು ಉಳಿಯಿತು, ಯಾವ ಆಕಾರದಲ್ಲಿ ಕೆಂಪಾಯಿತು, ಎಲ್ಲ ಹಲಗೆಗೇ ಹೇಳಿದೆ. ಕೊನೆಗೆ ಕೆಂಪು ಸೀಮೆಸುಣ್ಣದಲ್ಲಿ ಆ ಗುಡಾಣ ತುಂಬಿದೆ. ಹಿಂದೆ ನಗು ನಿಂತಿತ್ತು.

ಎರಡನೇ ಬೆಂಚಿನಿಂದ ಒಬ್ಬಳು, ‘ಸಾರ್, ಅದು ನೆರಳು! ದೀಪದಿಂದ ಗೆರೆ ಎಳೀರಿ, ಕರೆಕ್ಟಾಗಿ ಬರುತ್ತೆ’ ಅಂದಳು.

ಮೇಷ್ಟ್ರು ಸ್ಕೇಲು ತಂದು ದೀಪದಿಂದ ಟ್ಯಾಂಕಿನ ತಲೆಯ ಮೇಲೆ ಹಾಯಿಸಿ ಗೆರೆ ಎಳೆದರು. ಕೆಂಪಿನ ಅಂಚಿಗೇ ಬಂದು ಮುಟ್ಟಿತು. ಸ್ಕೇಲು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದರು.

‘ಎಷ್ಟು ದಿನ ಆರಿಸ್ಬೇಕು?’

‘ಎರಡು ತಿಂಗಳು ಸಾರ್.’

‘ಎರಡು ತಿಂಗಳಾ! ಬೋರ್ಡಿಲ್ದಿದ್ರೆ ಯಾರು ಬರ್ತಾರೆ ಆಂಟಿ?’

‘ಸಾರ್, ನಾವೆಲ್ಲ ಬೋರ್ಡ್ ನೋಡ್ಕೊಂಡಾ ಬಂದಿದ್ದು? ಅಮ್ಮ ಎಳ್ಕೊಂಡು ಬಂದಿದ್ದು’ ಅಂದಳು ಅದೇ ಹುಡುಗಿ. ಮತ್ತೆ ನಗು. ಈ ಸಲ ನನ್ನನ್ನು ನೋಡಿ ಅಲ್ಲ. ಮೇಷ್ಟ್ರು ನಗುತ್ತಲೇ ಹೋಗಿ ಸ್ವಿಚ್ಚು ಆರಿಸಿದರು. ಕಿಟಕಿಯಾಚೆ ನಮ್ಮ ನರ್ಸರಿ ಕಪ್ಪಾಯಿತು. ಕತ್ತಲನ್ನು ನೋಡಿ ಅಷ್ಟು ಸಂತೋಷಪಟ್ಟದ್ದು ಜೀವನದಲ್ಲಿ ಅದೊಂದೇ ಸಲ.

ಆಮೇಲೆ ಕಾಯುವುದು. ದಸರೆ ಹೋಯಿತು, ದೀಪಾವಳಿ ಹೋಯಿತು, ಎಲೆಗಳೆಲ್ಲ ಹಸಿರೇ. ನಾನು ದಿನಾ ಟ್ಯಾಂಕಿನ ನೆರಳು ಬೀಳುತ್ತಿದ್ದ ಜಾಗ ಬಿಟ್ಟು ಉಳಿದ ಕಡೆಯೇ ನೋಡುತ್ತಿದ್ದೆ. ಒಂದು ಬೆಳಗ್ಗೆ ನಂಜುಂಡಣ್ಣ ನೀರಿನ ಪೈಪು ಕೆಳಗಿಟ್ಟು ಕರೆದರು. ತುದಿಯ ಎಳೆ ಎಲೆಯೊಂದರ ತೊಟ್ಟಿನ ಬುಡದಲ್ಲಿ, ವೀಳ್ಯ ಹಾಕಿದ ತುಟಿಯಷ್ಟು ಕೆಂಪು. ಟ್ಯಾಂಕಿನಿಂದ ಬಹಳ ದೂರದ ಗಿಡ ಅದು. ಡಿಸೆಂಬರ್ ಎರಡನೇ ವಾರಕ್ಕೆ ಮುರಿಯದೆ ಉಳಿದಿದ್ದ ಮಡಿಗಳು ಬೇಲಿಯಿಂದ ಬೇಲಿಗೆ ಕೆಂಪು. ಗುಡಾಣದ ಗುರುತೇ ಇಲ್ಲ. ಗೌಡರು ಬಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು. ಲಾರಿಯ ಮಾತು ಎತ್ತಲಿಲ್ಲ. ‘ಕಪ್ಪು ಪರದೆ ಬಟ್ಟೆ ಸಿಗತ್ತಂತೆ, ಮುಂದಿನ ವರ್ಷಕ್ಕೆ ತರಿಸೋಣ. ಪಾಪ, ಅವನ ಬೋರ್ಡು ಉರೀಲಿ’ ಅಂದರು. ಹಾಗೇ ತರಿಸಿದರು ಕೂಡ. ಚೌಕಟ್ಟಿನ ಮೇಲೆ ಎಳೆಯುವ ಪರದೆ, ಗಿಡಕ್ಕೆ ಭಾರವಿಲ್ಲ. ಈಗ ಎಲ್ಲ ಕಡೆಯೂ ಅದೇ.

ಕೆಂಪೆಲೆ ಮಾರಾಟ ಶುರುವಾದ ದಿನ ಬೆಳಗ್ಗೆ ಮೊದಲ ಗಿರಾಕಿಯಾಗಿ ಬಂದದ್ದು ಟ್ಯೂಷನ್ ಮೇಷ್ಟ್ರು. ಗೌರಮ್ಮ ಒಳ್ಳೆಯ ಕುಂಡ ಆರಿಸಿ, ಅಂಚಿಗೆ ಕುಂಕುಮ ಇಟ್ಟಳು. ನಾನು ಎಂದಿನಂತೆ ಹಿಂದುಗಡೆ ಹೋಗಿ ಒಣಗಿದ ಎಲೆ ಆರಿಸುತ್ತಿದ್ದೆ.

‘ತಾಯಮ್ಮ, ಬಾ ಇಲ್ಲಿ.’

ಹೋದೆ. ಗೌರಮ್ಮ ಕುಂಡವನ್ನು ನನ್ನ ಎದೆಗೆ ಒತ್ತಿದಳು.

‘ನೀನೇ ಕೊಡು.’

‘ಬೋಣಿ ಕಣೇ’ ಅಂದೆ, ಮೆಲ್ಲಗೆ.

‘ಬೋಣಿ ಅಂತ ನಂಗೆ ಗೊತ್ತಿಲ್ವಾ? ನಾನೇ ಎಷ್ಟು ವರ್ಷ ಎತ್ತಿ ಎತ್ತಿ ಕೊಡೋದು, ಸೊಂಟ ಹಿಡ್ಕೊಂಡಿದೆ.’ ಅವಳ ಸೊಂಟಕ್ಕೆ ಏನೂ ಆಗಿರಲಿಲ್ಲ. ಮುಖ ಮಾತ್ರ ಬೇರೆ ಕಡೆ ತಿರುಗಿಸಿದ್ದಳು. ಅವಳು ಹಿಂದಿನ ವರ್ಷದ ಮಾತನ್ನು ವಾಪಸ್ ತೆಗೆದುಕೊಳ್ಳಲಿಲ್ಲ, ನಾನು ಕೇಳಲೂ ಇಲ್ಲ. ಅವಳಿಗೆ ಅಷ್ಟು ಸಾಕಿತ್ತು, ನನಗೂ. ಈಗಲೂ ಬನಶಂಕರಿ ಕಡೆ ಹೋದಾಗ ಅವಳ ಮನೆಗೆ ಹೋಗಿ ಕಾಫಿ ಕುಡಿದೇ ಬರುತ್ತೇನೆ.

ಮೇಷ್ಟ್ರು ಎರಡು ಕೈ ಚಾಚಿ ಕುಂಡ ತೆಗೆದುಕೊಂಡು, ‘ಎಲೆ ಉದುರತ್ತಾ ಆಂಟಿ?’ ಅಂದರು.

‘ಉದುರತ್ತೆ ಸಾರ್, ಹೆದರಬೇಡಿ. ಶಿವರಾತ್ರಿ ಆದ್ಮೇಲೆ ಗೇಣುದ್ದ ಬಿಟ್ಟು ಕತ್ತರಿಸಿ. ಹಾಲು ಕಣ್ಣಿಗೆ ತಾಗಿಸ್ಕೋಬೇಡಿ’ ಅಂದೆ. ಅವರ ಮುಖ ನೋಡಿಕೊಂಡೇ ಹೇಳಿದೆ.

ಅವರು ಹೋದ ಮೇಲೆ ನೋಡಿದರೆ ಕುಂಡದ ಅಂಚಿನ ಕುಂಕುಮ ನನ್ನ ಹೆಬ್ಬೆರಳಿಗೆ ಹತ್ತಿತ್ತು. ಒರೆಸಲು ಸೆರಗು ಎಳೆದುಕೊಂಡೆ, ಹಾಗೇ ಬಿಟ್ಟೆ. ಅಷ್ಟರಲ್ಲಿ ಗೇಟಿನಲ್ಲಿ ಇನ್ನೊಂದು ಸ್ಕೂಟರು ನಿಂತಿತು. ಎರಡನೇ ಕುಂಡಕ್ಕೆ ಯಾರೂ ನನ್ನನ್ನು ಕರೆಯಲಿಲ್ಲ. ನಾನೇ ಹೋದೆ.